ಮೊದಲು ಬಾಗಿಲು, ಆಮೇಲೆ ಕ್ಯಾಮೆರಾ

2024ರ ಜುಲೈ 9ರ ನಸುಕಿನಲ್ಲಿ ಮಂಗಳೂರಿನ ಕೋಟೆಕಣಿಯ ಒಂದು ಮನೆಗೆ ನಾಲ್ವರು ಕಿಟಕಿಯ ಸರಳು ಕತ್ತರಿಸಿ ನುಗ್ಗಿದರು. ಒಳಗಿದ್ದ ವೃದ್ಧ ದಂಪತಿಯ ಮೇಲೆ ಹಲ್ಲೆ ಮಾಡಿ, ಒಡವೆ ದೋಚಿ, ಅದೇ ಮನೆಯ ಕಾರು ಹತ್ತಿ ಪರಾರಿಯಾದರು. ಮೂಲ್ಕಿಯಲ್ಲಿ ಕಾರು ಬಿಟ್ಟು ಬಸ್ಸು ಹಿಡಿದರು. ಸಿಸಿಟಿವಿ ದೃಶ್ಯಗಳ ಜಾಡು ಹಿಡಿದ ಪೊಲೀಸರು ಕೆಎಸ್‌ಆರ್‌ಟಿಸಿ ಸಿಬ್ಬಂದಿಯ ನೆರವಿನಿಂದ ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಅವರನ್ನು ಹಿಡಿದು ಹಾಕಿದರು. ಪತ್ರಿಕೆಗಳು ಇದನ್ನು ಚಡ್ಡಿ ಗ್ಯಾಂಗ್ ಎಂಬ ಕಳ್ಳರ ತಂಡದ ಪ್ರಕರಣವೆಂದು ವರದಿ ಮಾಡಿದವು. ಪೊಲೀಸರ ಚುರುಕುತನಕ್ಕೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದೇ.

ಆದರೆ ಆ ದಂಪತಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಕ್ಯಾಮೆರಾಗಳು ಕಳ್ಳರನ್ನು ಹಿಡಿದುಕೊಟ್ಟವು, ಸರಿ. ಕಳ್ಳರು ಒಳಗೆ ಬಾರದಂತೆ ತಡೆಯಬೇಕಾಗಿದ್ದದ್ದು ಕಿಟಕಿಯ ಸರಳು, ಮತ್ತು ಅದು ತಡೆಯಲಿಲ್ಲ. ಇಂಥ ಸುದ್ದಿ ಬಂದ ವಾರದಲ್ಲಿ ಜನ ಓಡುವುದು ಸಿಸಿಟಿವಿ ಅಂಗಡಿಗೆ. ಗ್ರಿಲ್ ಮಾಡುವವನ ಬಳಿಗೋ ಬಡಗಿಯ ಬಳಿಗೋ ಹೋಗುವವರು ಕಡಿಮೆ. ನಾಲ್ಕು ಕ್ಯಾಮೆರಾದ ಒಂದು ಸೆಟ್, ಒಂದು ಡಿವಿಆರ್, ಮೊಬೈಲಿಗೊಂದು ಆ್ಯಪ್ ಬಂದರೆ ಮನೆ ಭದ್ರವಾಯಿತೆಂದು ನೆಮ್ಮದಿ ಪಡುತ್ತಾರೆ. ಈ ನೆಮ್ಮದಿಗೆ ಆಧಾರ ಸಾಲದು. ಮನೆಯ ಭದ್ರತೆಯನ್ನು ಆರಿಸುವವರು ಯಂತ್ರದ ಬೆಲೆಪಟ್ಟಿ ನೋಡುವ ಮೊದಲು ಮೂರು ವಿಷಯ ತೀರ್ಮಾನಿಸಿಕೊಳ್ಳಬೇಕು: ಬರುವವನು ಎಲ್ಲಿಂದ ಬಂದಾನು, ಅವನನ್ನು ಎಷ್ಟು ಹೊತ್ತು ಹೊರಗೇ ನಿಲ್ಲಿಸಬಹುದು, ಅಷ್ಟರೊಳಗೆ ಸಹಾಯಕ್ಕೆ ಯಾರು ಬಂದಾರು. ಕ್ಯಾಮೆರಾ ಈ ಮೂರರಲ್ಲಿ ಯಾವುದಕ್ಕೂ ಪೂರ್ತಿ ಉತ್ತರವಲ್ಲ.

ಮೊದಲನೆಯ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಹಳೆಯದೊಂದು ಉತ್ತರವಿದೆ. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಂ ಕನ್ನ ಹಾಕುವ ಆರು ದಾರಿಗಳನ್ನು ಪಟ್ಟಿ ಮಾಡಿತ್ತು. ತಾನೇ ಕೊರೆದ ಕಿಂಡಿಯಿಂದ ನುಸುಳುವುದು, ಜನ ಓಡಾಡಲೆಂದು ಇಲ್ಲದ ಜಾಗದಿಂದ ಅಥವಾ ಗೋಡೆ ಹತ್ತಿ ಬರುವುದು, ಮನೆಯವರು ತೆರೆಯಲೆಂದು ಬಯಸದ ದಾರಿಯನ್ನು ತೆರೆದುಕೊಳ್ಳುವುದು, ಬೀಗ ತೆಗೆಯುವುದು, ಬಡಿದೋ ಬೆದರಿಸಿಯೋ ಒಳನುಗ್ಗುವುದು, ಭದ್ರವಾಗಿ ಮುಚ್ಚಿಟ್ಟ ದಾರಿಯನ್ನು ಬಿಚ್ಚಿ ಬರುವುದು. ಕಲಮಿಗೆ ಕೊಟ್ಟ ಉದಾಹರಣೆಗಳು ಇನ್ನೂ ಸ್ವಾರಸ್ಯಕರ. ಒಬ್ಬ ಬಾಗಿಲಿನ ತೂತಿನಲ್ಲಿ ತಂತಿ ತೂರಿಸಿ ಚಿಲಕ ಎತ್ತುತ್ತಾನೆ. ಇನ್ನೊಬ್ಬನಿಗೆ ಮನೆಯವರು ಕಳೆದುಕೊಂಡ ಕೀಲಿಕೈ ಸಿಗುತ್ತದೆ, ಅದರಿಂದಲೇ ಬಾಗಿಲು ತೆರೆಯುತ್ತಾನೆ. ಮತ್ತೊಬ್ಬ ಕಿಟಕಿಯಿಂದ ಬರುತ್ತಾನೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ ಅದೇ ಆರು ದಾರಿಗಳನ್ನು ಉಳಿಸಿಕೊಂಡಿದೆ. ನೂರ ಅರವತ್ತು ವರ್ಷಗಳಲ್ಲಿ ಊರು ಬದಲಾಗಿದೆ, ಮನೆ ಬದಲಾಗಿದೆ. ಕಳ್ಳ ಬರುವ ದಾರಿ ಬದಲಾಗಿಲ್ಲ.

ಈ ಪಟ್ಟಿ ಹಿಡಿದು ಬೆಂಗಳೂರಿನ ಮೂವತ್ತು–ನಲವತ್ತರ ನಿವೇಶನದ ಒಂದು ಮನೆಯನ್ನು ಸುತ್ತಿ ಬರೋಣ. ಮುಂಬಾಗಿಲಿಗೆ ಕೆತ್ತನೆಯ ತೇಗ, ಹಿತ್ತಾಳೆಯ ಹಿಡಿ. ಹಿಂದಿನ ಯುಟಿಲಿಟಿಯ ಬಾಗಿಲಿಗೆ ತೆಳುವಾದ ಪ್ಲೈವುಡ್, ಒಂದೇ ಟವರ್ ಬೋಲ್ಟ್. ತಾರಸಿಯ ಮೆಟ್ಟಿಲು ಕೋಣೆಗೆ ತಗಡಿನ ಬಾಗಿಲು, ಅದರ ಚಿಲಕ ಮಳೆಗೆ ತುಕ್ಕು ಹಿಡಿದಿದೆ. ಬಚ್ಚಲಿನ ವೆಂಟಿಲೇಟರ್‌ಗೆ ಎಳೆದರೆ ಜಾರಿ ಬರುವ ಗಾಜಿನ ಪಟ್ಟಿಗಳು. ಪಕ್ಕದ ಮನೆಯ ಸಜ್ಜಾ ಒಂದೇ ಹೆಜ್ಜೆಯ ದೂರದಲ್ಲಿದೆ. ಮುಂಬಾಗಿಲಿನ ದಪ್ಪ ಮರದ ಹಿಂದೆ ಆಲ್ಡ್ರಾಪನ್ನು ಹಿಡಿದುಕೊಂಡಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂ. ಬಾಗಿಲು ಬಲವಾಗಿದ್ದರೂ ಚೌಕಟ್ಟಿನಲ್ಲಿ ಸ್ಕ್ರೂ ಆಳಕ್ಕೆ ಇಳಿದಿಲ್ಲದಿದ್ದರೆ ಎರಡು ಒದೆತಕ್ಕೆ ಅದು ಕಿತ್ತು ಬರುತ್ತದೆ. ಹೊರಗೆ ತೂಗುವ ಬೀಗದ್ದು ಇನ್ನೊಂದು ತೊಂದರೆ. ಮನೆಯಲ್ಲಿ ಯಾರೂ ಇಲ್ಲವೆಂಬುದನ್ನು ಅದು ಬೀದಿಗೆಲ್ಲ ತೋರಿಸುತ್ತದೆ. ಬಾಗಿಲಿನ ಒಳಗೇ ಕೂತಿರುವ ಬೀಗವಾದರೆ ಮನೆಯವರು ಒಳಗಿದ್ದಾರೋ ಊರಿಗೆ ಹೋಗಿದ್ದಾರೋ ಹೊರಗಿನವರಿಗೆ ತಿಳಿಯುವುದಿಲ್ಲ.

ಬಾಗಿಲು, ಕಿಟಕಿಗಳನ್ನು ಬಲಪಡಿಸಿದರೆ ನಿಜಕ್ಕೂ ಕಳವು ಇಳಿಯುತ್ತದೆಯೇ ಎಂಬ ಸಂದೇಹಕ್ಕೆ ನೆದರ್ಲೆಂಡ್ಸ್ ಸ್ಪಷ್ಟ ಉತ್ತರ ಕೊಟ್ಟಿದೆ. 1999ರಿಂದ ಅಲ್ಲಿ ಕಟ್ಟುವ ಪ್ರತಿಯೊಂದು ಹೊಸ ಮನೆಯ ಬಾಗಿಲು, ಕಿಟಕಿಗಳು ಕಳ್ಳನ ಸಲಕರಣೆಗಳನ್ನು ತಡೆದುಕೊಳ್ಳುವಂತಿರಬೇಕೆಂದು ಕಟ್ಟಡ ನಿಯಮವೇ ಕಡ್ಡಾಯ ಮಾಡಿತು. ಅರ್ಥಶಾಸ್ತ್ರಜ್ಞರಾದ ಬೆನ್ ವೊಲಾರ್ಡ್ ಮತ್ತು ಯಾನ್ ವಾನ್ ಔರ್ಸ್ ಆ ಮನೆಗಳನ್ನು ಹಳೆಯ ಮನೆಗಳೊಂದಿಗೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಮನೆಗಳಲ್ಲಿ ಕನ್ನ ಕಳವು ಸುಮಾರು ಶೇ 26ರಷ್ಟು ತಗ್ಗಿತ್ತು. ಇಲ್ಲಿ ತಡೆದರೆ ಕಳ್ಳ ಪಕ್ಕದ ಮನೆಗೆ ಹೋಗುತ್ತಾನಷ್ಟೇ ಎಂಬ ವಾದ ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಹಳೆಯ ಮನೆಗಳ ಮೇಲೆ ಆ ಭಾರ ಬಿದ್ದದ್ದಕ್ಕೆ ಈ ಸಂಶೋಧಕರಿಗೆ ಪುರಾವೆ ಸಿಗಲಿಲ್ಲ. ಇಷ್ಟಕ್ಕೂ ಆ ಬಾಗಿಲುಗಳಿಂದ ಕೇಳಿದ್ದು ಬಹಳವೇನಲ್ಲ. ಸ್ಕ್ರೂಡ್ರೈವರ್‌ನಂಥ ಸಾಮಾನ್ಯ ಸಲಕರಣೆ ಹಿಡಿದವನನ್ನು ಮೂರು ನಿಮಿಷ ತಡೆದರೆ ಸಾಕು. ಬಯಲಲ್ಲಿ, ಸದ್ದು ಮಾಡುತ್ತ ಮೂರು ನಿಮಿಷ ನಿಲ್ಲಲು ಕಳ್ಳನಿಗೆ ಧೈರ್ಯ ಸಾಲುವುದಿಲ್ಲ ಎಂಬುದೇ ಅದರ ಹಿಂದಿನ ಲೆಕ್ಕ.

ಇಂಗ್ಲೆಂಡಿನ ಸಂಶೋಧಕಿ ಆಂಡ್ರೊಮಾಕಿ ತ್ಸೆಲೋನಿ ಮತ್ತು ಸಂಗಡಿಗರು ಅಲ್ಲಿನ ಅಪರಾಧ ಸಮೀಕ್ಷೆಗಳನ್ನು ಜಾಲಾಡಿ ಇಂಥದೇ ತೀರ್ಮಾನಕ್ಕೆ ಬಂದರು. ಕಿಟಕಿಗೆ ಬೀಗ, ಬಾಗಿಲಿಗೆ ಗಟ್ಟಿ ಬೀಗ, ಟೈಮರ್ ಇಟ್ಟ ಒಳದೀಪ, ಯಾರಾದರೂ ಬಂದರೆ ಹೊತ್ತಿಕೊಳ್ಳುವ ಹೊರದೀಪ, ಈ ನಾಲ್ಕೂ ಕೂಡಿದಾಗ ರಕ್ಷಣೆ ಹಲವು ಪಟ್ಟು ಹೆಚ್ಚಿತ್ತು. ಅಲಾರಂ ಒಂದನ್ನೇ ನಂಬಿದ ಮನೆಗಳಿಗೆ ಅಂಥ ಲಾಭ ಕಾಣಲಿಲ್ಲ.

ಅಲಾರಂ ವ್ಯರ್ಥವೆಂದು ಇದರಿಂದ ಹೇಳಲಾಗದು. ಅಮೆರಿಕದ ಉತ್ತರ ಕ್ಯಾರೊಲೈನಾ, ಕೆಂಟಕಿ ಮತ್ತು ಒಹಾಯೊ ರಾಜ್ಯಗಳಲ್ಲಿ ಶಿಕ್ಷೆಗೊಳಗಾದ 422 ಕನ್ನಗಳ್ಳರನ್ನು ವಿಶ್ವವಿದ್ಯಾಲಯವೊಂದರ ಸಂಶೋಧಕರು ಪ್ರಶ್ನಿಸಿ 2012ರಲ್ಲಿ ವರದಿ ಕೊಟ್ಟರು. ನುಗ್ಗುವ ಮೊದಲು ಅಲಾರಂ ಇದೆಯೇ ಎಂದು ನೋಡುತ್ತೇವೆ ಎಂದವರು ಶೇ 80ಕ್ಕೂ ಹೆಚ್ಚು. ಇದೆಯೆಂದು ಗೊತ್ತಾದರೆ ಬೇರೆ ಮನೆ ಹುಡುಕುತ್ತೇವೆ ಎಂದವರು ಶೇ 60ರಷ್ಟು. ಹಾಗಾದರೆ ಅಲಾರಂ ಯಾವಾಗ ಕೆಲಸಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ? ಅದರ ಸದ್ದಿಗೆ ಯಾರಾದರೂ ಎದ್ದು ಬರುತ್ತಾರೆಂಬ ಭಯ ಕಳ್ಳನಲ್ಲಿ ಇರುವ ತನಕ ಬರುತ್ತದೆ.

ಸಾಲ್ಟ್ ಲೇಕ್ ಸಿಟಿಯ ಪೊಲೀಸರು ಆ ಭಯ ಎಷ್ಟು ಟೊಳ್ಳು ಎಂಬುದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ಅಮೆರಿಕದ ನಗರಗಳಲ್ಲಿ ಪೊಲೀಸರಿಗೆ ಬರುವ ಅಲಾರಂ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಳ್ಳು. ಬೆಕ್ಕು, ಗಾಳಿಗೆ ಅಲುಗಿದ ಪರದೆ, ಗುಪ್ತಸಂಖ್ಯೆ ಮರೆತ ಮನೆಯವರು ಅದಕ್ಕೆ ಕಾರಣ. 2000ದ ಕೊನೆಯಲ್ಲಿ ಆ ನಗರ ಹೊಸ ನಿಯಮ ತಂದಿತು. ಕಾವಲುಗಾರನೋ ಪ್ರತ್ಯಕ್ಷದರ್ಶಿಯೋ ಸ್ಥಳದಲ್ಲಿ ನೋಡಿ ಖಚಿತಪಡಿಸದ ಹೊರತು ಬರೀ ಅಲಾರಂ ಬಡಿದರೆ ಪೊಲೀಸರು ಬರುವುದಿಲ್ಲ. ಪೊಲೀಸರು ಓಡಬೇಕಾದ ಅಲಾರಂ ಕರೆಗಳು ಸುಮಾರು ಶೇ 90ರಷ್ಟು ಇಳಿದವು. ಅಲಾರಂ ಮಾರುವ ಕಂಪನಿಯ ಜಾಹೀರಾತಿನಲ್ಲಿ ಈ ಸಂಗತಿ ಇರುವುದಿಲ್ಲ. ಕೊಳ್ಳುವವರು ತಾವೇ ಕೇಳಿ ತಿಳಿದುಕೊಳ್ಳಬೇಕು: ಇದು ಬಡಿದಾಗ ಯಾರ ಫೋನ್ ರಿಂಗಾಗುತ್ತದೆ, ಅವರು ಎಷ್ಟು ದೂರದಲ್ಲಿದ್ದಾರೆ, ರಾತ್ರಿ ಎರಡು ಗಂಟೆಗೆ ಎದ್ದು ಬರುವರೇ.

ಮಲೆನಾಡಿನ ಒಂಟಿ ಮನೆಗಳಲ್ಲಿ ಈ ಪ್ರಶ್ನೆ ಜೀವನ್ಮರಣದ್ದು. ತೀರ್ಥಹಳ್ಳಿಯ ಕಡೆ ಅಡಿಕೆ ತೋಟದ ನಡುವೆ ಅಪ್ಪ, ಅಮ್ಮ ಇಬ್ಬರೇ ಇರುತ್ತಾರೆ. ಮಗ ಡಲ್ಲಾಸ್‌ನಲ್ಲಿರುತ್ತಾನೆ. ಅಲ್ಲಿಂದಲೇ ಹಣ ಕಳಿಸಿ ಮನೆಯ ಸುತ್ತ ಕ್ಯಾಮೆರಾ ಹಾಕಿಸಿರುತ್ತಾನೆ. ಊರಲ್ಲಿ ರಾತ್ರಿ ಎರಡಾದಾಗ ಅಲ್ಲಿ ಮಧ್ಯಾಹ್ನ. ಅಂಗಳದಲ್ಲಿ ಯಾರೋ ನಡೆದಾಡಿದ್ದು ಮೊಬೈಲಿನಲ್ಲಿ ಕಂಡೀತು. ಆಮೇಲೆ? ವಿದೇಶದಿಂದ ತುರ್ತು ಸಂಖ್ಯೆ 112 ಒತ್ತಿದರೆ ಕರೆ ಕರ್ನಾಟಕದ ಪೊಲೀಸರಿಗೆ ಬರುವುದಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ ಅವರೇ ಬಾಗಿಲು ತೆರೆದು ಟಾರ್ಚು ಹಿಡಿದು ಹೊರಗೆ ಬರುವ ಅಪಾಯವಿದೆ. ಇಂಥ ಮಗ ಕ್ಯಾಮೆರಾಕ್ಕಿಂತ ಮೊದಲು ಮಾಡಬೇಕಾದ್ದು ಬೇರೆ. ತಾಲ್ಲೂಕಿನ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನೂ ಬೀಟ್ ಪೊಲೀಸರ ಮೊಬೈಲ್ ಸಂಖ್ಯೆಯನ್ನೂ ಇಟ್ಟುಕೊಳ್ಳುವುದು, ಆಚೆ ತೋಟದ ಮನೆಯವರೊಂದಿಗೆ ಮಾತಾಡಿಕೊಂಡಿರುವುದು, ಅಪ್ಪ ಅಮ್ಮ ಮಲಗುವ ಕೋಣೆಗೆ ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಅಗಳಿ ಮಾಡಿಸುವುದು, ಹಾಸಿಗೆಯ ಪಕ್ಕದಲ್ಲೇ ಒಂದು ಗುಂಡಿ ಒತ್ತಿದರೆ ಹೊರಗೆಲ್ಲ ದೀಪ ಹೊತ್ತಿ ಸೈರನ್ ಕೂಗುವಂತೆ ಮಾಡುವುದು. ಈ ಕೊನೆಯದಕ್ಕೆ ಇಂಟರ್ನೆಟ್ಟೂ ಬೇಡ.

ನೆರೆಹೊರೆ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ರಾಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆ ಒಳ್ಳೆಯ ಸಾಕ್ಷಿ. 1980ರ ದಶಕದ ನಡುವೆ ಅಲ್ಲಿ ಕನ್ನ ಕಳವು ಮಿತಿ ಮೀರಿತ್ತು. ತನಿಖೆ ಮಾಡಿದಾಗ ಎರಡು ಸಂಗತಿ ಹೊರಬಿದ್ದವು. ಒಮ್ಮೆ ಕಳವಾದ ಮನೆಯೇ ಮತ್ತೆ ಕಳವಾಗುತ್ತಿತ್ತು. ಎರಡನೆಯದಾಗಿ, ಗ್ಯಾಸು ಮತ್ತು ವಿದ್ಯುತ್ತಿಗೆ ನಾಣ್ಯ ಹಾಕುವ ಮೀಟರುಗಳು ಮನೆಯೊಳಗೇ ಇದ್ದು, ಕಳ್ಳರು ಆ ಹಣಕ್ಕಾಗಿ ಬರುತ್ತಿದ್ದರು. ಆ ಮೀಟರುಗಳನ್ನು ತೆಗೆದರು. ಕಳವಾದ ಮನೆಯ ಬಾಗಿಲು, ಕಿಟಕಿ ಭದ್ರಪಡಿಸಿದರು. ಆ ಮನೆಯ ಸುತ್ತಲಿನ ಐದಾರು ಮನೆಯವರಿಗೆ ಇದರ ಮೇಲೆ ಒಂದು ಕಣ್ಣಿಡಿ ಎಂದು ಒಪ್ಪಿಸಿದರು. ಮೊದಲ ವರ್ಷವೇ ಕಳವು ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿ ಒಂದು ಕ್ಯಾಮೆರಾವೂ ಇರಲಿಲ್ಲ.

ಕರ್ನಾಟಕದ ಬೀದಿಗಳಲ್ಲಿ ಈ ವ್ಯವಸ್ಥೆ ಹೊಸದೇನಲ್ಲ, ಬಳಕೆ ತಪ್ಪುತ್ತಿದೆ ಅಷ್ಟೆ. ಊರಿಗೆ ಹೋದವರ ಮನೆಯ ಮುಂದೆ ಮೂರು ದಿನ ನೀರು ಬೀಳದ ಅಂಗಳ, ರಂಗೋಲಿ ಇಲ್ಲದ ಹೊಸಿಲು, ಗೇಟಿಗೆ ಸಿಕ್ಕಿಸಿಟ್ಟ ನಾಲ್ಕು ದಿನದ ಪತ್ರಿಕೆ, ರಾತ್ರಿ ಹಗಲು ಉರಿಯುವ ಒಂದೇ ಬಲ್ಬು ಹೇಳುವುದನ್ನು ಕಳ್ಳ ಸುಲಭವಾಗಿ ಓದಿಕೊಳ್ಳುತ್ತಾನೆ. ಪಕ್ಕದ ಮನೆಯಾಕೆ ಬಂದು ಎರಡು ಎಳೆ ರಂಗೋಲಿ ಬಿಟ್ಟು, ಪತ್ರಿಕೆ ಎತ್ತಿಟ್ಟು ಹೋದರೆ ಆ ಓದಿಗೆ ಅಡ್ಡಿಯಾಗುತ್ತದೆ. ಬಹುದಿನ ಮನೆಗೆ ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ ಹೋಗಬೇಕೆಂದು ಪೊಲೀಸರು ಹಬ್ಬ, ರಜೆಗಳ ಮುಂಚೆ ಕೇಳಿಕೊಳ್ಳುತ್ತಲೇ ಇರುತ್ತಾರೆ. ಬೀಟಿನವರು ಆ ರಸ್ತೆಯಲ್ಲಿ ಒಂದು ಸುತ್ತು ಹೆಚ್ಚು ಹೊಡೆಯಲು ಅದು ನೆವವಾಗುತ್ತದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇಷ್ಟಾದ ಮೇಲೆ ಕ್ಯಾಮೆರಾ. ಬೇಕೇ ಬೇಡವೇ ಎಂದು ಕೇಳಿದರೆ ಬಹುಪಾಲು ಮನೆಗಳಿಗೆ ಬೇಕು, ಆದರೆ ಅದರಿಂದ ಏನು ಸಾಧ್ಯ ಎಂದು ತಿಳಿದು ಖರೀದಿಸಬೇಕು. ನಲವತ್ತು ವರ್ಷಗಳಲ್ಲಿ ನಡೆದ 80 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2019ರ ವಿಮರ್ಶೆಯೊಂದು, ಸಿಸಿಟಿವಿ ಇದ್ದ ಜಾಗಗಳಲ್ಲಿ ಅಪರಾಧ ಶೇ 13ರಷ್ಟು ಇಳಿದದ್ದನ್ನು ಕಂಡಿತು. ವಾಹನ ನಿಲ್ಲಿಸುವ ತಾಣಗಳಲ್ಲಿ ಪರಿಣಾಮ ಹೆಚ್ಚು. ಹಲ್ಲೆ, ಹಿಂಸೆಯ ಅಪರಾಧಗಳ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಪರದೆಯ ಮುಂದೆ ಕೂತು ಯಾರಾದರೂ ನೋಡುತ್ತಿದ್ದ ಕಡೆಗಳಲ್ಲಿ ಫಲ ಚೆನ್ನಾಗಿತ್ತು. ಮನೆಯ ಕ್ಯಾಮೆರಾವನ್ನು ಇಡೀ ರಾತ್ರಿ ನೋಡುತ್ತ ಕೂರುವವರು ಯಾರೂ ಇಲ್ಲ.

ಹಾಗಾಗಿ ಅದರ ಮುಖ್ಯ ಉಪಯೋಗ ಸಾಕ್ಷಿಯಾಗಿ. ಒಳ್ಳೆಯ ಸಾಕ್ಷಿಯಾಗಬೇಕಾದರೆ ಮುಖ ಕಾಣಬೇಕು. ಇಲ್ಲೇ ಹೆಚ್ಚಿನ ಮನೆಗಳು ಮೋಸ ಹೋಗುವುದು. ಅಪರಿಚಿತನೊಬ್ಬನ ಗುರುತು ನಿಸ್ಸಂದೇಹವಾಗಿ ಹಿಡಿಯಲು ದೃಶ್ಯದ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕೆಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿದರೆ ಎಂಟು ಮೀಟರಿಗಿಂತ ಕಡಿಮೆ ಅಗಲದ ದೃಶ್ಯದಲ್ಲಷ್ಟೇ ಗುರುತು ಸಾಧ್ಯ. ಅಂಗಡಿಯವರು ಸಾಮಾನ್ಯವಾಗಿ ಕೊಡುವ ಅಗಲ ಕೋನದ ಲೆನ್ಸಿನಲ್ಲಿ ಅಷ್ಟು ಅಗಲದ ದೃಶ್ಯ ಸಿಗುವುದು ಮೂರು ಮೀಟರ್ ಆಸುಪಾಸಿನಲ್ಲೇ. ಅದಕ್ಕಿಂತ ದೂರ ನಿಂತವನು ಮನುಷ್ಯನೆಂದು ಕಾಣುತ್ತಾನೆ, ಯಾರೆಂದು ಕಾಣುವುದಿಲ್ಲ. ಅದನ್ನೂ ಎರಡನೇ ಮಹಡಿಯ ಎತ್ತರಕ್ಕೆ ಹಾಕಿದರೆ ಸಿಗುವುದು ಟೋಪಿಯ ಚಿತ್ರ. ಇಡೀ ರಸ್ತೆ ಕಾಣುವ ನಾಲ್ಕು ಕ್ಯಾಮೆರಾಕ್ಕಿಂತ, ಗೇಟಿನಿಂದ ಬರುವವರ ಮುಖಕ್ಕೆ ಸರಿಯಾಗಿ ಇಟ್ಟ ಒಂದು ಮತ್ತು ಹಿತ್ತಲ ಬಾಗಿಲಿಗೆ ಇಟ್ಟ ಇನ್ನೊಂದು ಹೆಚ್ಚು ಉಪಯುಕ್ತ.

ಉಳಿದ ವಿವರಗಳನ್ನು ಬೇಗ ಹೇಳಿಬಿಡಬಹುದು. ಸೆಕೆಂಡಿಗೆ ಎರಡು ಮೆಗಾಬಿಟ್ ದಾಖಲಿಸುವ ಕ್ಯಾಮೆರಾ ದಿನಕ್ಕೆ ಸುಮಾರು 22 ಗಿಗಾಬೈಟ್ ತುಂಬಿಸುತ್ತದೆ. ನಾಲ್ಕಿದ್ದರೆ ಒಂದು ಟೆರಾಬೈಟಿನ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ತಿಂಗಳ ಪ್ರವಾಸ ಮುಗಿಸಿ ಬಂದವರಿಗೆ ಮೊದಲ ವಾರದ ದೃಶ್ಯ ಸಿಗದು. ನೂರಕ್ಕೂ ಹೆಚ್ಚು ಜನ ಸೇರುವ ತಾಣಗಳು 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗೆ ಆ ಕಡ್ಡಾಯವಿಲ್ಲವಾದರೂ ಅಳತೆಗೋಲಾಗಿ ಅದು ಒಳ್ಳೆಯದೇ. ಕರೆಂಟು ಹೋದಾಗ ರೂಟರ್, ರೆಕಾರ್ಡರ್ ಎರಡೂ ಇನ್ವರ್ಟರ್ ಮೇಲೆ ಇರಬೇಕು. ಮೈನ್ ಸ್ವಿಚ್ಚು ಹೊರಗೋಡೆಯ ಮೇಲೆ ಎಲ್ಲರ ಕೈಗೆಟಕುವಂತಿರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ರೆಕಾರ್ಡರನ್ನು ಟಿವಿಯ ಕೆಳಗೆ ಇಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ರಾತ್ರಿ ಕಾಣಲೆಂದು ಕ್ಯಾಮೆರಾ ಬೀರುವ ಅವಗೆಂಪು ಬೆಳಕಿನ ಸುತ್ತ ಹುಳು, ಅವನ್ನು ಹಿಡಿಯಲು ಜೇಡರ ಬಲೆ, ಬಲೆ ಅಲುಗಿದಾಗಲೆಲ್ಲ ಮೊಬೈಲಿಗೆ ಎಚ್ಚರಿಕೆ. ವಾರದಲ್ಲಿ ಮನೆಯವರು ಎಚ್ಚರಿಕೆಯ ಸದ್ದನ್ನೇ ನಿಲ್ಲಿಸುತ್ತಾರೆ. ತಿಂಗಳಿಗೊಮ್ಮೆ ಕಸಬರಿಕೆ ತಾಗಿಸುವುದೂ ಭದ್ರತೆಯ ಭಾಗವೇ.

ಕ್ಯಾಮೆರಾದ ದೊಡ್ಡ ತೊಂದರೆ ಬೇರೆ ಕಡೆ ಇದೆ. ಅದು ಮನೆಗೆ ಏಳನೆಯದೊಂದು ದಾರಿ ತೆರೆಯುತ್ತದೆ, ಮತ್ತು ಆ ದಾರಿಯಲ್ಲಿ ಬರುವವನು ಸಾವಿರಾರು ಮೈಲಿ ದೂರದಲ್ಲಿದ್ದಾನು. 2016ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಗಂಟೆಗಟ್ಟಲೆ ಕೈಕೊಟ್ಟವು. ಅದಕ್ಕೆ ಕಾರಣವಾದ ಮಿರಾಯ್ ಎಂಬ ದುಷ್ಟ ತಂತ್ರಾಂಶ ಬಳಸಿಕೊಂಡದ್ದು ಮನೆ, ಅಂಗಡಿಗಳ ಕ್ಯಾಮೆರಾಗಳನ್ನೂ ಡಿವಿಆರ್‌ಗಳನ್ನೂ. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿಯೊಂದು ಅದಕ್ಕೆ ಸಾಕಾಯಿತು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟದ್ದು ಬಯಲಾಯಿತು. ಆಸ್ಪತ್ರೆಯ ಭದ್ರತೆಗೆಂದು ಹಾಕಿದ ಕ್ಯಾಮೆರಾಗಳಿಂದಲೇ ಅವು ಸೋರಿದ್ದವು. ಅಲ್ಲಿ ಚಿಕಿತ್ಸೆಗೆ ಬಂದ ಹೆಣ್ಣುಮಕ್ಕಳಿಗೆ ಆದ ಅನ್ಯಾಯವನ್ನು ಯಾವ ದಂಡವೂ ತುಂಬಿಕೊಡಲಾರದು.

ಹೊರಗಿನವರಷ್ಟೇ ಅಲ್ಲ, ಕ್ಯಾಮೆರಾ ಹಾಕಲು ಬಂದವರೂ ಹೀಗೆ ಮಾಡಿದ್ದುಂಟು. ಅಮೆರಿಕದ ದೊಡ್ಡ ಭದ್ರತಾ ಕಂಪನಿ ಎಡಿಟಿಯ ಟೆಕ್ಸಾಸ್‌ನ ತಂತ್ರಜ್ಞನೊಬ್ಬ ಗ್ರಾಹಕರ ಖಾತೆಗಳಿಗೆ ತನ್ನ ಇಮೇಲ್ ವಿಳಾಸವನ್ನೂ ಸೇರಿಸಿಕೊಂಡು, ಸುಮಾರು 200 ಮನೆಗಳ ಖಾಸಗಿ ದೃಶ್ಯಗಳನ್ನು ವರ್ಷಗಟ್ಟಲೆ ಇಣುಕಿದ. ಅವನು ಹಾಗೆ ಒಳಹೊಕ್ಕದ್ದು 9,600ಕ್ಕೂ ಹೆಚ್ಚು ಬಾರಿ. 2021ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ. 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅಮೆಜಾನ್ ಒಡೆತನದ ರಿಂಗ್ ಕಂಪನಿಯ ಮೇಲೆ, ಗ್ರಾಹಕರ ಖಾಸಗಿ ವಿಡಿಯೊಗಳನ್ನು ಸಿಬ್ಬಂದಿ ಬೇಕಾಬಿಟ್ಟಿ ನೋಡಲು ಬಿಟ್ಟದ್ದಕ್ಕಾಗಿ ದೂರು ಹೂಡಿತು. ಕಂಪನಿ 58 ಲಕ್ಷ ಡಾಲರ್ ತೆರಲು ಒಪ್ಪಿತು. ಇವುಗಳಿಂದ ಒಬ್ಬ ಸಾಮಾನ್ಯ ಮನೆಯೊಡೆಯ ತಿಳಿಯಬೇಕಾದದ್ದು ಸರಳ. ಅಡ್ಮಿನ್ ಖಾತೆ ಮನೆಯವರ ಇಮೇಲಿನಲ್ಲೇ ಇರಬೇಕು. ಕೆಲಸ ಮುಗಿಸಿ ತಂತ್ರಜ್ಞ ಹೊರಟ ಕೂಡಲೇ ಪಾಸ್‌ವರ್ಡ್ ಬದಲಿಸಬೇಕು, ಖಾತೆಯಲ್ಲಿ ಬೇರೆ ಯಾರ ಹೆಸರಿದೆ ಎಂದು ನೋಡಬೇಕು, ಎರಡು ಹಂತದ ದೃಢೀಕರಣ ಹಾಕಿಕೊಳ್ಳಬೇಕು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮ ಪ್ರಕಟಿಸಿ, ಮರುವರ್ಷದಿಂದ ಜಾರಿಗೆ ತಂದಿದೆ. ಕೊಳ್ಳುವ ಮಾದರಿ ಆ ಪ್ರಮಾಣಪತ್ರ ಪಡೆದಿದೆಯೇ ಎಂದು ಅಂಗಡಿಯಲ್ಲೇ ಕೇಳುವ ಹಕ್ಕು ಗ್ರಾಹಕನಿಗಿದೆ. ಎಷ್ಟು ವರ್ಷ ಅದರ ತಂತ್ರಾಂಶಕ್ಕೆ ಅಪ್‌ಡೇಟ್ ಬರುತ್ತದೆ ಎಂದೂ ಕೇಳಬೇಕು.

ಕ್ಯಾಮೆರಾ ಯಾವ ಕಡೆ ನೋಡಬೇಕು ಎಂಬುದು ಇದಕ್ಕಿಂತ ಆಳವಾದ ವಿಷಯ. ಮನೆಗೆ ಕ್ಯಾಮೆರಾ ಆಧಾರಿತ ಭದ್ರತೆಯನ್ನು ಮೊದಲು ಕಲ್ಪಿಸಿದವರಲ್ಲಿ ಪ್ರಮುಖಳು ನ್ಯೂಯಾರ್ಕಿನ ಕ್ವೀನ್ಸ್‌ನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ, ಕರೆದಾಗ ಪೊಲೀಸರು ಬೇಗ ಬಾರದ ಬಡಾವಣೆ. ಗಂಡ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು, 1969ರ ಡಿಸೆಂಬರ್‌ನಲ್ಲಿ ಅದು ಮಂಜೂರಾಯಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದ ನಾಲ್ಕು ಕಿಂಡಿಗಳು, ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಪರದೆ, ಮಾತಾಡಲು ಮೈಕು, ದೂರದಿಂದಲೇ ಬಾಗಿಲು ತೆರೆಯುವ ಗುಂಡಿ, ಅಪಾಯವಾದರೆ ಕರೆ ಕಳಿಸುವ ಇನ್ನೊಂದು ಗುಂಡಿ. ಆ ಕ್ಯಾಮೆರಾ ಹೊರಗೆ ನೋಡುತ್ತಿತ್ತು. ನೋಡುವ ಅಧಿಕಾರ ಒಳಗಿದ್ದ ಹೆಂಗಸಿನ ಕೈಯಲ್ಲಿತ್ತು.

ಇಂದು ಎಷ್ಟೋ ಮನೆಗಳಲ್ಲಿ ಅದು ತಿರುಗಿ ನಿಂತಿದೆ. ಹಜಾರದಲ್ಲಿ, ಅಡುಗೆಮನೆಯಲ್ಲಿ, ಅಜ್ಜಿಯ ಕೋಣೆಯಲ್ಲಿ ಕ್ಯಾಮೆರಾ. ಮನೆಕೆಲಸಕ್ಕೆ ಬರುವ ಹೆಂಗಸು ಪಾತ್ರೆ ತೊಳೆಯುವುದನ್ನು ಆಫೀಸಿನಲ್ಲಿ ಕೂತವರು ನೋಡುತ್ತಾರೆ. ಆಕೆಗೆ ಅದು ಗೊತ್ತಿರುವುದೂ ಇಲ್ಲ. ಸೊಸೆ ಯಾವಾಗ ಎದ್ದಳು, ಮಾವ ಯಾರೊಂದಿಗೆ ಮಾತಾಡಿದರು ಎಂಬುದೆಲ್ಲ ದಾಖಲಾಗುತ್ತದೆ. ಇದು ಕಳ್ಳನನ್ನು ತಡೆಯುವ ಕೆಲಸವಲ್ಲ. ಜೊತೆಗಿರುವವರನ್ನು ಶಂಕಿಸುವ ಕೆಲಸ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂದೇ ಮನೆಯನ್ನು ಹಂಚಿಕೊಂಡ ಅಣ್ಣ ತಮ್ಮಂದಿರ ವ್ಯಾಜ್ಯದಲ್ಲಿ, ಜೊತೆಗೆ ವಾಸಿಸುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಸಿಸಿಟಿವಿ ಹಾಕುವುದು ಖಾಸಗಿತನದ ಉಲ್ಲಂಘನೆ ಎಂದು ಕಲ್ಕತ್ತ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನೆರೆಯವರ ಹಕ್ಕೂ ಇದೆ. ಆಕ್ಸ್‌ಫರ್ಡಿನ ನ್ಯಾಯಾಲಯವೊಂದು 2021ರಲ್ಲಿ ಬಾಗಿಲ ಬೆಲ್ಲಿನ ಕ್ಯಾಮೆರಾ ಇಟ್ಟವನ ವಿರುದ್ಧ ತೀರ್ಪು ಕೊಟ್ಟಾಗ, ಪಕ್ಕದ ಮನೆಯವರ ಮಾತನ್ನು ದೂರದಿಂದ ಹಿಡಿಯುವ ಅದರ ಧ್ವನಿಗ್ರಹಣವನ್ನು ವಿಶೇಷವಾಗಿ ಆಕ್ಷೇಪಿಸಿತು. ಮನೆಗೆ ಕ್ಯಾಮೆರಾ ಹಾಕಿಸುವವರು ಧ್ವನಿ ದಾಖಲೆಯನ್ನು ಮೊದಲ ದಿನವೇ ನಿಲ್ಲಿಸುವುದು ಒಳಿತು. ವಯಸ್ಸಾದವರು ಬಿದ್ದರೆ ತಿಳಿಯಲೆಂದು ಕೋಣೆಯಲ್ಲಿ ಕ್ಯಾಮೆರಾ ಬೇಕೆನ್ನುವವರು ಅವರನ್ನೇ ಕೇಳಲಿ. ಕೊರಳಲ್ಲಿ ಹಾಕಿಕೊಳ್ಳುವ ಕರೆಗುಂಡಿ ಅದೇ ಕೆಲಸವನ್ನು ಮರ್ಯಾದೆಯಿಂದ ಮಾಡುತ್ತದೆ.

ಬೀಗ, ಸರಳುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೊರಗಿನವರನ್ನು ತಡೆಯುವ ಸರಳು ಒಳಗಿನವರನ್ನೂ ತಡೆಯುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಬೆಂಕಿ ಬಿದ್ದಾಗ ಇಬ್ಬರು ಮಹಿಳೆಯರು ಸತ್ತರು. ಬಾಲ್ಕನಿಗೆ ಪೂರ್ತಿ ಗ್ರಿಲ್ ಹಾಕಿದ್ದರಿಂದ ಹೊರಬರಲು ದಾರಿಯೇ ಇರಲಿಲ್ಲ. ಎದುರಿಗಿದ್ದವರು ನೋಡುತ್ತಲೇ ಇರಬೇಕಾಯಿತು. ಪ್ರತಿ ಮಹಡಿಯ ಒಂದು ಗ್ರಿಲ್‌ಗಾದರೂ ಒಳಗಿನಿಂದ ತೆರೆಯುವ ಬಾಗಿಲಿರಬೇಕು, ಅದರ ಕೀಲಿಕೈ ಮಕ್ಕಳಿಗೂ ಗೊತ್ತಿರುವ ಜಾಗದಲ್ಲಿರಬೇಕು. ಬೆರಳಚ್ಚಿನ ಸ್ಮಾರ್ಟ್ ಬೀಗ ಕೊಳ್ಳುವವರು ಕರೆಂಟು, ಬ್ಯಾಟರಿ ಯಾವುದೂ ಇಲ್ಲದಾಗ ಒಳಗಿನಿಂದ ಬರಿಗೈಯಲ್ಲಿ ಅದು ತೆರೆಯುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ನೋಡಬೇಕು. ತೆರೆಯದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಅದು ಬೇಡ.

ಖರ್ಚಿನ ಕ್ರಮವೂ ಈವರೆಗೆ ಹೇಳಿದ ಆದ್ಯತೆಯನ್ನೇ ಅನುಸರಿಸಬೇಕು. ಮೊದಲ ಹಣ ಬಡಗಿಗೆ ಮತ್ತು ಗ್ರಿಲ್ ಮಾಡುವವನಿಗೆ: ಚೌಕಟ್ಟಿನಾಳಕ್ಕೆ ಇಳಿಯುವ ಉದ್ದ ಸ್ಕ್ರೂಗಳು, ಹಿತ್ತಲ ಬಾಗಿಲಿಗೆ ಮೇಲೊಂದು ಕೆಳಗೊಂದು ಬೋಲ್ಟು, ತಾರಸಿಯ ಬಾಗಿಲು, ಬಚ್ಚಲ ಕಿಂಡಿ. ಎರಡನೆಯದು ದೀಪಕ್ಕೆ. ಮೂರನೆಯದು ಬಾಗಿಲು, ಕಿಟಕಿ ತೆರೆದಾಗ ಕೂಗುವ ಸಣ್ಣ ಸೆನ್ಸರ್ ಮತ್ತು ಸೈರನ್‌ಗೆ. ಕ್ಯಾಮೆರಾ ನಾಲ್ಕನೆಯದು. ಹತ್ತನೇ ಮಹಡಿಯ ಫ್ಲ್ಯಾಟಿನವರಿಗೆ ಕಿಟಕಿಯ ಭಯ ಕಡಿಮೆ, ಮುಂಬಾಗಿಲೇ ಎಲ್ಲ. ಅಲ್ಲಿ ಗೇಟಿನ ಆ್ಯಪ್‌ನಲ್ಲಿ ಬಂದವರ ಫೋನ್ ಸಂಖ್ಯೆ, ಚಿತ್ರಗಳನ್ನು ನಿವಾಸಿಗಳ ಸಂಘ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಕೇಳುವುದೂ ಮನೆಯವರ ಜವಾಬ್ದಾರಿ.

ಒಬ್ಬೊಬ್ಬರೇ ಮಾಡಿಕೊಳ್ಳುವುದಕ್ಕೆ ಒಂದು ಮಿತಿಯಿದೆ. ಬಾಡಿಗೆ ಮನೆಯವರು ಚೌಕಟ್ಟು ಬದಲಿಸಲಾರರು, ಮಾಲೀಕರು ಬದಲಿಸಿಕೊಡುವುದಿಲ್ಲ. ಹಾಗಾಗಿ ಡಚ್ಚರು ಮಾಡಿದಂತೆ ಕಟ್ಟುವಾಗಲೇ ಇದು ಆಗಬೇಕು. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರಲ್ಲಿ ಕಾನೂನಿನ ಬಲದಿಂದಲೇ ಕಡ್ಡಾಯವಾಯಿತು. ಘನವಾದ ಫ್ಲಶ್ ಡೋರಿಗೂ ಬಾಗಿಲೊಳಗೆ ಕೂರುವ ಬೀಗಕ್ಕೂ ಭಾರತೀಯ ಮಾನಕ ಸಂಸ್ಥೆಯ ಮಾನದಂಡಗಳು ಆಗಲೇ ಇವೆ. ಹಿತ್ತಲ ಬಾಗಿಲು, ನೆಲಮಟ್ಟದ ಕಿಟಕಿ, ತಾರಸಿ ಬಾಗಿಲುಗಳು ಮೂರು ನಿಮಿಷ ತಡೆಯುವಂತಿರಬೇಕು, ಗ್ರಿಲ್‌ಗೆ ಒಳಗಿನಿಂದ ತೆರೆಯುವ ದಾರಿಯಿರಬೇಕು ಎಂದು ಕಟ್ಟಡ ಉಪವಿಧಿಗಳಲ್ಲಿ ಎರಡು ಸಾಲು ಸೇರಿಸಲು ನಗರಾಡಳಿತಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಅದು ಬರುವ ತನಕ ಫ್ಲ್ಯಾಟ್ ನೋಡಲು ಹೋದವರು ಮಾದರಿ ಮನೆಯ ವಿಡಿಯೊ ಡೋರ್‌ಫೋನನ್ನು ಮೆಚ್ಚಿ ಬರುವ ಬದಲು ಯುಟಿಲಿಟಿಯ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಲಿ. ಟೊಳ್ಳು ಸದ್ದು ಕೇಳಿದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಗಟ್ಟಿ ಬಾಗಿಲು ಕೊಡುವಂತೆ ಬಿಲ್ಡರ್‌ನಿಂದ ಬರೆಸಿಕೊಳ್ಳಲಿ.